ಬ್ರೇಕಣ್ಣ ಸುಧಾರಿಸಲಿಲ್ಲ

ಒಂಬತ್ತು ಕೊಲೆ ಮಾಡಿದವನ ಮೇಲೆ ಯಾರಿಗೇ ಆಗಲಿ ಸಿಟ್ಟು ಬರುವುದು ಸಹಜ. ಬ್ರೇಕಣ್ಣನಿಗೂ ಬಂತು. ಆದರೆ ಕೊಲೆಗಳಿಗಾಗಿ ಅಲ್ಲ, ಆ ಕೊಲೆಗಾರ ಗೇಮ್ ಆಡುವ ಕಂಟ್ರೋಲರನ್ನು ತಲೆಕೆಳಗಾಗಿ ಹಿಡಿದಿದ್ದ, ಅದಕ್ಕೆ.

ಅದು ಟಿವಿ ಧಾರಾವಾಹಿ. ಹೆಂಡತಿ ದಿನಾ ಸಂಜೆ ಏಳೂವರೆಗೆ ನೋಡುತ್ತಿದ್ದಳು. ಮನೆಯಲ್ಲಿ ಇದ್ದದ್ದು ಒಂದೇ ಟಿವಿ. ಆರರಿಂದ ಏಳೂವರೆವರೆಗೆ ಅದು ಬ್ರೇಕಣ್ಣನ ಗೇಮಿಗೆ, ಆಮೇಲೆ ಅವಳ ಧಾರಾವಾಹಿಗೆ ಎಂದು ಹನ್ನೊಂದು ವರ್ಷದ ಹಿಂದೆಯೇ ಒಪ್ಪಂದವಾಗಿತ್ತು. ಆ ಸಂಜೆ ಕೊಲೆಗಾರ ಕತ್ತಲೆ ಕೋಣೆಯಲ್ಲಿ ಕೂದಲು ಕೆದರಿಕೊಂಡು, ಹಲ್ಲು ಕಡಿಯುತ್ತಾ, ಹತ್ತೂ ಬೆರಳಿನಿಂದ ಗುಂಡಿಗಳನ್ನು ಕುಟ್ಟುತ್ತಾ ಕೂತಿದ್ದ. ಎದುರಿನ ಪರದೆಯ ಮೇಲೆ ಗೇಮ್ ತನ್ನ ಪಾಡಿಗೆ ತಾನು ನಡೆಯುತ್ತಿತ್ತು.

"ಉಲ್ಟಾ ಹಿಡಿದಿದ್ದಾನೆ," ಎಂದು ಬ್ರೇಕಣ್ಣ ಎದ್ದು ನಿಂತ. "ಅದೂ ಅಲ್ಲದೆ ಅದು ಆನ್ ಕೂಡ ಆಗಿಲ್ಲ, ದೀಪ ನೋಡು."

"ಅವನು ಸ್ವಂತ ಚಿಕ್ಕಪ್ಪನ್ನ ಕೊಂದಿದ್ದಾನೆ. ನಿಮಗೆ ದೀಪದ ಚಿಂತೆ," ಎಂದಳು ಹೆಂಡತಿ.

ಬ್ರೇಕಣ್ಣನಿಗೆ ಐವತ್ತೊಂದು ವರ್ಷ. ಹದಿನಾಲ್ಕನೇ ನಂಬರಿನ ಸಿಟಿ ಬಸ್ಸಿನ ಡ್ರೈವರು. ಇಪ್ಪತ್ತೆರಡು ವರ್ಷದಲ್ಲಿ ಒಂದು ಸೈಕಲ್ಲಿಗೂ ತಗುಲಿಸಿದವನಲ್ಲ. ಸ್ಟಾಪ್ ಕಣ್ಣಿಗೆ ಕಾಣುವ ಮೊದಲೇ ಬ್ರೇಕಿನ ಮೇಲೆ ಕಾಲಿಡುತ್ತಾನೆಂದು ಡಿಪೋದವರು ಆ ಹೆಸರಿಟ್ಟರು. ಈಗ ಸಂಬಳದ ಚೀಟಿಯಲ್ಲಿ ಬಿಟ್ಟರೆ ಅವನ ನಿಜವಾದ ಹೆಸರು ಬೇರೆಲ್ಲೂ ಉಳಿದಿಲ್ಲ. ಇಂಥ ಸಾಧು ಪ್ರಾಣಿ ದಿನಾ ಸಂಜೆ ಕೈ ತೊಳೆದು, ಕನ್ನಡಕ ಒರೆಸಿಕೊಂಡು, ಸೋಫಾದ ಮೇಲೆ ಕೂತು, ಒಂದೂವರೆ ಗಂಟೆ ಸುತ್ತಿಗೆಯಿಂದ ರಾಕ್ಷಸರ ತಲೆ ಒಡೆಯುತ್ತಿದ್ದ. ಅದು ಅವನಿಗೆ ಬಹಳ ಇಷ್ಟ. ಯಾಕೆ ಇಷ್ಟ ಎಂದು ಕೇಳಬಾರದು. ನಿಮಗೆ ಕ್ರಿಕೆಟ್ ಯಾಕೆ ಇಷ್ಟ ಎಂದು ಅವನು ಯಾವತ್ತೂ ಕೇಳಿದವನಲ್ಲ.

ಮರುದಿನವೇ ಚಾನೆಲ್ಲಿಗೆ ಮೂರು ಪುಟದ ಪತ್ರ ಹೋಯಿತು. ಮೊದಲ ಪುಟದಲ್ಲಿ ಕಂಟ್ರೋಲರ್ ಹಿಡಿಯುವ ಕ್ರಮ, ಚಿತ್ರಸಮೇತ. ಎರಡನೆಯದರಲ್ಲಿ ತಾನು ಈವರೆಗೆ ನೋಡಿದ ಹದಿನೇಳು ಧಾರಾವಾಹಿಗಳ ಪಟ್ಟಿ. ಎಲ್ಲದರಲ್ಲೂ ಗೇಮ್ ಆಡುವವನು ಒಂದೋ ಕೊಲೆಗಾರ, ಇಲ್ಲವೇ ಕೆಲಸವಿಲ್ಲದ ಭಾವಮೈದುನ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಿ, ಸಂಜೆ ಬಂದು ಆಡಿ, ಊಟ ಮಾಡಿ ಮಲಗುವ ಒಬ್ಬನನ್ನಾದರೂ ನೀವು ತೋರಿಸಿದ್ದೀರಾ ಎಂಬುದು ಮೂರನೇ ಪುಟದ ಪ್ರಶ್ನೆ.

ನಾಲ್ಕನೇ ದಿನ ಚಾನೆಲ್ಲಿನಿಂದ ಫೋನು ಬಂತು. ವರದಿಗಾರ್ತಿಯ ದನಿ ಜೇನಿನ ಹಾಗಿತ್ತು. ನಿಮ್ಮಂಥವರನ್ನೇ ಹುಡುಕುತ್ತಿದ್ದೆವು, ಈ ವಿಷಯದ ಮೇಲೆ ಒಂದು ವಿಶೇಷ ಕಾರ್ಯಕ್ರಮ ಮಾಡುತ್ತಿದ್ದೇವೆ, ನೀವು ಮಾತಾಡಬೇಕು ಎಂದಳು. ಬ್ರೇಕಣ್ಣ ಫೋನಿಟ್ಟು ಮೆಟ್ಟಿಲಿಳಿಯುವಷ್ಟರಲ್ಲಿ 'ಮಾತಾಡಬೇಕು' ಎಂಬುದು 'ತಜ್ಞರಾಗಿ ಕರೆದಿದ್ದಾರೆ' ಎಂದಾಗಿತ್ತು. ಕೆಳಗಿನ ಮನೆಯ ನಿವೃತ್ತ ಹೆಡ್‌ಮಿಸ್ಸಿಗೆ ಹಾಗೆಯೇ ಹೇಳಿದ. ಡಿಪೋ ತಲುಪುವ ಹೊತ್ತಿಗೆ 'ಮುಖ್ಯ ತಜ್ಞ' ಎಂದಾಯಿತು. ಇಲ್ಲಿ ಅವನನ್ನು ಬಯ್ಯುವುದು ಬೇಡ. ಇಪ್ಪತ್ತೆರಡು ವರ್ಷ ಜನಕ್ಕೆ ಬೆನ್ನು ತೋರಿಸಿ ಕೂತು ದುಡಿದವನಿಗೆ ಒಂದು ಸಲ ಮುಖ ತೋರಿಸುವ ಆಸೆಯಾದರೆ ತಪ್ಪೇನು.

ಅವನ ವಾರದ ರಜೆಯ ದಿನ ಬೆಳಿಗ್ಗೆ ಹತ್ತಕ್ಕೆ ವರದಿಗಾರ್ತಿಯೂ ಕ್ಯಾಮೆರಾದವನೂ ಬಂದರು. ಬ್ರೇಕಣ್ಣ ಮದುವೆಯ ಕೋಟು ಹಾಕಿಕೊಂಡು ಬೆಳಕು ತುಂಬಿದ ಕೋಣೆಯ ನಡುವೆ ಕೂತಿದ್ದ. ಕ್ಯಾಮೆರಾದವನು ಕೋಣೆಯನ್ನು ನೋಡಿ ಮುಖ ಸಿಂಡರಿಸಿದ. ಬೆಳಕು ಜಾಸ್ತಿಯಾಯಿತು ಎಂದ. ಬ್ರೇಕಣ್ಣನೇ ಎದ್ದು ಕಿಟಕಿಯ ಪರದೆ ಎಳೆದ. ಗೇಮ್ ಆಡುವವರ ಕೋಣೆಯಲ್ಲಿ ನೀಲಿ ಬೆಳಕು ಇರಬೇಕಲ್ಲ ಎಂದ ಕ್ಯಾಮೆರಾದವನು. ಬ್ರೇಕಣ್ಣನೇ ಸ್ಟೂಲು ಹತ್ತಿ ಬಲ್ಬು ಬದಲಾಯಿಸಿದ. ಕೋಟು ತೆಗೆಸಿದರು. ಕೂದಲು ಕೆದರಿದರು. ಇನ್ನು ಆಡಿ ಎಂದರು.

ಬ್ರೇಕಣ್ಣ ದಿನಾ ಆಡುವ ಹಾಗೆ ಆಡಿದ. ಆಡುವಾಗ ಅವನ ಮುಖ ಬ್ಯಾಂಕಿನಲ್ಲಿ ತನ್ನ ಟೋಕನ್ ನಂಬರಿಗೆ ಕಾಯುವವನ ಮುಖದ ಹಾಗಿರುತ್ತದೆ.

"ಸಾರ್, ನಿದ್ದೆ ಬಂದವರ ಥರ ಕಾಣ್ತಿದೆ," ಎಂದ ಕ್ಯಾಮೆರಾದವನು. "ಸ್ವಲ್ಪ ಹಲ್ಲು ಕಡೀರಿ."

ಮನೆಗೆ ಬಂದವರ ಮಾತು ತೆಗೆದುಹಾಕುವುದು ಹೇಗೆ ಎಂದು ಬ್ರೇಕಣ್ಣ ಹಲ್ಲು ಕಡಿದ. ಕೂಗಿ ಎಂದರು, ಕೂಗಿದ. ಇದನ್ನೆಲ್ಲ ಮಾಡಬಾರದೆಂದು ತಾನೇ ಮೂರು ಪುಟ ಬರೆದಿದ್ದು ಅವನಿಗೆ ನೆನಪಾಗಲೇ ಇಲ್ಲ. ಕ್ಯಾಮೆರಾ ಮುಂದೆ ಕೂತವನಿಗೆ ಬುದ್ಧಿ ಕೈಕೊಡುವುದು ಹೊಸದೇನಲ್ಲ. ನೆನಪಾದದ್ದು ಅಡುಗೆಮನೆ ಬಾಗಿಲಲ್ಲಿ ನಿಂತ ಹೆಂಡತಿಗೆ ಮಾತ್ರ. ಥೇಟ್ ಆ ಕೊಲೆಗಾರನ ಹಾಗೇ ಕಾಣುತ್ತಿದ್ದೀರಿ ಎಂದಳು. ಅವನು ಸುಮ್ಮನಿರು ಎಂದು ಸನ್ನೆ ಮಾಡಿದ.

ಆಮೇಲೆ ನಲವತ್ತು ನಿಮಿಷ ಮಾತಾಡಿದ. ಜೀವನದಲ್ಲಿ ಅಷ್ಟು ಚೆನ್ನಾಗಿ ಅವನು ಹಿಂದೆಂದೂ ಮಾತಾಡಿರಲಿಲ್ಲ, ಮುಂದೆಯೂ ಅನುಮಾನ. ಮುಚ್ಚಿದ ಕೋಣೆಯ ಸೆಕೆಗೆ ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಒರೆಸಿಕೊಳ್ಳುತ್ತಲೇ ಮಾತಾಡಿದ.

ಪ್ರಸಾರದ ದಿನ ಅವನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಟ್ಟಡದ ನಾಲ್ಕೂ ಮಹಡಿಯವರು ಬಂದಿದ್ದರು. ಹೆಂಡತಿಯ ಅಣ್ಣ, ಅಂದರೆ ಭಾವ, ಎರಡು ಬಸ್ಸು ಬದಲಾಯಿಸಿ ಬಂದು ಮುಂದಿನ ಕುರ್ಚಿ ಹಿಡಿದಿದ್ದರು. ಮೊಣಕಾಲು ನೋವಿನ ಹೆಡ್‌ಮಿಸ್ಸಿಗೆ ಸೋಫಾ ಬಿಟ್ಟುಕೊಡಲಾಗಿತ್ತು.

ಕಾರ್ಯಕ್ರಮದ ಹೆಸರು 'ಬೆರಳ ತುದಿಯ ಪಿಶಾಚಿ' ಎಂದು ಪರದೆಯ ಮೇಲೆ ರಕ್ತ ತೊಟ್ಟಿಕ್ಕುವ ಅಕ್ಷರದಲ್ಲಿ ಮೂಡಿತು. ನಂತರ ನೀಲಿ ಕತ್ತಲೆಯಲ್ಲಿ ಹಲ್ಲು ಕಡಿಯುವ ಬ್ರೇಕಣ್ಣ. ಹಿನ್ನೆಲೆಯಲ್ಲಿ ನಾಯಿ ಊಳಿಡುವಂಥ ಸಂಗೀತ. ಅವನು ಹೇಳಿದ್ದು, "ಗೇಮ್ ಆಡೋರಿಗೆ ಊಟ ಬೇಡ, ನಿದ್ದೆ ಬೇಡ, ಹೆಂಡತಿ ಮಕ್ಕಳು ಬೇಡ ಅಂತ ಜನ ತಿಳ್ಕೊಂಡಿದ್ದಾರೆ, ಅದು ಶುದ್ಧ ಸುಳ್ಳು" ಎಂದು. ಟಿವಿಯಲ್ಲಿ ಉಳಿದದ್ದು "ಊಟ ಬೇಡ, ನಿದ್ದೆ ಬೇಡ, ಹೆಂಡತಿ ಮಕ್ಕಳು ಬೇಡ" ಎಂಬಷ್ಟೇ. ನಲವತ್ತು ನಿಮಿಷದಲ್ಲಿ ಚಾನೆಲ್ಲಿಗೆ ಬೇಕಾಗಿದ್ದದ್ದು ಆ ಐದು ಸೆಕೆಂಡು. ಆಮೇಲೆ ಅವನು ಕಣ್ಣೊರೆಸಿಕೊಳ್ಳುವುದನ್ನು ನಿಧಾನಗತಿಯಲ್ಲಿ ಎರಡು ಸಲ ತೋರಿಸಿದರು. ವರದಿಗಾರ್ತಿ ಅದೇ ಜೇನಿನ ದನಿಯಲ್ಲಿ, ಈ ಕೈಗಳಲ್ಲೇ ದಿನಕ್ಕೆ ಆರುನೂರು ಪ್ರಯಾಣಿಕರ ಪ್ರಾಣವಿದೆ ಎಂದು ಮುಗಿಸಿದಳು.

ಮಾಡಿದ್ದುಣ್ಣೋ ಮಹರಾಯ ಎಂದು ಹೇಳಲು ಹೆಂಡತಿಗೂ ಮನಸ್ಸು ಬರಲಿಲ್ಲ.

"ನಮಗೆ ಮಕ್ಕಳೇ ಇಲ್ಲವಲ್ಲ," ಎಂದಳು ಕೊನೆಗೆ.

"ಅದಕ್ಕೂ ಇದೇ ಕಾರಣ ಇರಬೇಕು," ಎಂದರು ಭಾವ.

ಮರುದಿನದಿಂದ ಮನೆಗೆ ಸಾಂತ್ವನದ ಮೆರವಣಿಗೆ ಶುರುವಾಯಿತು. ಎದುರುಮನೆಯ ದರ್ಜಿ ಬಂದು, ತನ್ನ ತಮ್ಮನೂ ಹೀಗೇ ಇದ್ದ, ಕುಡಿತ ಬಿಡಿಸುವ ಔಷಧಿ ಕೊಟ್ಟೆವು, ಸರಿಹೋದ ಎಂದ. ಇದು ಕುಡಿತವಲ್ಲವಲ್ಲ ಎಂದರೆ, ಔಷಧಿಗೆ ಅದೇನು ಗೊತ್ತಾಗುತ್ತೆ ಎಂದ. ಭಾವ ಒಂದು ಚದುರಂಗದ ಮಣೆ ತಂದುಕೊಟ್ಟರು. ಇದೂ ಆಟವೇ, ಆದರೆ ಮರ್ಯಾದಸ್ಥರ ಆಟ ಎಂದರು. ಇದರಲ್ಲೂ ಆನೆ, ಕುದುರೆ, ಸಿಪಾಯಿಗಳನ್ನು ಹೊಡೆದು ಆಚೆ ಇಡುತ್ತೇವಲ್ಲ ಭಾವ ಎಂದು ಬ್ರೇಕಣ್ಣ ಕೇಳಿದ. ಭಾವನಿಗೆ ಇಂಥ ಅಧಿಕಪ್ರಸಂಗ ಹಿಡಿಸಲಿಲ್ಲ. ಶನಿವಾರ ಮಧ್ಯಾಹ್ನ ಇಸ್ಪೀಟಿಗೆ ಕೂತರೆ ಭಾನುವಾರ ಸಂಜೆಗೆ ಏಳುವ ಮನುಷ್ಯ, ಚಟ ಎಷ್ಟು ಕೆಟ್ಟದ್ದು ಎಂಬುದರ ಮೇಲೆ ಒಂದು ಗಂಟೆ ಮಾತಾಡಿದರು.

ಹೆಡ್‌ಮಿಸ್ಸು ಮಾತಿನ ಮನುಷ್ಯರಲ್ಲ, ಕೃತಿಯವರು. ಇಂಥವನ ಕೈಗೆ ಬಸ್ಸು ಕೊಡಬಾರದೆಂದು ಕೆಂಪು ಶಾಯಿಯಲ್ಲಿ ಅರ್ಜಿ ಬರೆದು, ಮೊದಲ ಸಹಿ ತಾವೇ ಹಾಕಿ, ನಲವತ್ತಮೂರು ಸಹಿ ಕೂಡಿಸಿ ಡಿಪೋಗೆ ಕಳಿಸಿದರು.

ಡಿಪೋ ಮ್ಯಾನೇಜರು ಕೆಟ್ಟವನಲ್ಲ, ಹೆದರುಪುಕ್ಕಲ. ಅವನು ಒಂದು ಕಾಗದ ಟೈಪು ಮಾಡಿಸಿಟ್ಟಿದ್ದ. 'ನಾನು ವಿಡಿಯೋ ಗೇಮ್ ಎಂಬ ಚಟಕ್ಕೆ ಬಲಿಯಾಗಿದ್ದೆ. ಈಗ ಅದರಿಂದ ಮುಕ್ತನಾಗಿದ್ದೇನೆ.' ಕೆಳಗೆ ಸಹಿಗೆ ಗೆರೆ. ಸಹಿ ಹಾಕಿದರೆ ಇವತ್ತೇ ಹದಿನಾಲ್ಕು ನಂಬರು ನಿನ್ನದು. ಇಲ್ಲವಾದರೆ ಬಸ್ಸು ತೊಳೆಯುವ ವಿಭಾಗಕ್ಕೆ ಹೋಗು ಎಂದ. ಅದಕ್ಕೂ ಮೊದಲು ಡಿಪೋ ಡಾಕ್ಟರು ಪರೀಕ್ಷೆ ಮಾಡಬೇಕಿತ್ತು.

ಡಾಕ್ಟರು ಕೈ ನಡುಗುತ್ತದೆಯೇ ನೋಡಿದರು, ಇಲ್ಲ. ಕಣ್ಣು ನೋಡಿದರು, ಸರಿಯಾಗಿತ್ತು. ದೀಪ ಹತ್ತಿದ ಕೂಡಲೇ ಗುಂಡಿ ಒತ್ತುವ ಯಂತ್ರದ ಮುಂದೆ ಕೂರಿಸಿದರು. ಹೊಸದಾಗಿ ಸೇರಿದ ಹುಡುಗರಿಗಿಂತ ಚುರುಕಾಗಿ ಒತ್ತಿದ. ಯಾರನ್ನಾದರೂ ಹೊಡೆದುಹಾಕಬೇಕು ಅಂತ ಅನ್ನಿಸುತ್ತದೆಯೇ ಎಂದು ಕೇಳಿದರು.

"ಮನೆಯಲ್ಲೋ, ರಸ್ತೆಯಲ್ಲೋ?"

"ರಸ್ತೆಯಲ್ಲಿ."

"ದಿನಾ ಅನ್ನಿಸುತ್ತೆ. ಬಸ್ಸು ಓಡಿಸೋರಿಗೆಲ್ಲಾ ಅನ್ನಿಸುತ್ತೆ. ಗೇಮ್ ಮುಟ್ಟದೆ ಇರೋರು ಇಳಿದು ಹೋಗಿ ಹೊಡೀತಾರೆ."

ಡಾಕ್ಟರಿಗೆ ನಗು ಬಂತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ ಅವರು. ಮ್ಯಾನೇಜರನ್ನು ಕರೆದು, ಇವರು ಆಡುವುದು ಬಸ್ ಓಡಿಸುವ ಗೇಮು, ವೃತ್ತಿಯ ಅಭ್ಯಾಸಕ್ಕಾಗಿ ಆಡುತ್ತಾರೆ ಎಂದು ಬರೆದುಬಿಡೋಣವೇ ಎಂದರು. ಮ್ಯಾನೇಜರಿನ ಮುಖ ಅರಳಿತು. ಬರೆಯೋಣ, ನಮ್ಮ ಡಿಪೋದ ಹೊಸ ಪ್ರಯೋಗ ಎಂದು ಮೇಲಿನವರಿಗೂ ತಿಳಿಸೋಣ ಎಂದ. ಇಬ್ಬರೂ ಬ್ರೇಕಣ್ಣನ ಕಡೆ ತಿರುಗಿದರು. ಅವನು ಹೂಂ ಅಂದರೆ ಸಾಕಿತ್ತು.

"ಬಸ್ಸಿನ ಗೇಮೂ ಇದೆ ಸಾರ್. ಒಂದು ದಿನ ಆಡಿದೆ, ಬೇಜಾರಾಯ್ತು," ಎಂದ ಬ್ರೇಕಣ್ಣ. "ಹಗಲೆಲ್ಲಾ ಬಸ್ಸು ಓಡಿಸಿ ಮನೇಲೂ ಬಸ್ಸು ಓಡಿಸಕ್ಕೆ ನನಗೇನು ತಲೆಕೆಟ್ಟಿದೆಯಾ? ನಾನು ರಾಕ್ಷಸರನ್ನ ಕೊಲ್ತೀನಿ. ಸುತ್ತಿಗೇಲಿ."

"ಅದನ್ನ ಯಾಕಯ್ಯಾ ಬಾಯಿಬಿಟ್ಟು ಹೇಳ್ತೀಯಾ?" ಎಂದ ಮ್ಯಾನೇಜರು.

"ಕೇಳಿದ್ರಲ್ಲ. ಅದರಿಂದ ನನ್ನ ಡ್ರೈವಿಂಗ್ ಸುಧಾರಿಸಿಲ್ಲ, ಕೆಟ್ಟೂ ಇಲ್ಲ. ಇಷ್ಟ, ಆಡ್ತೀನಿ. ನೀವು ಹಾಡು ಕೇಳೋದಕ್ಕೆ ಯಾರಾದರೂ ಕಾರಣ ಬರಸ್ಕೋತಾರಾ?"

ಡಾಕ್ಟರು ಆರೋಗ್ಯವಾಗಿದ್ದಾನೆ ಎಂದಷ್ಟೇ ಬರೆದು ಎದ್ದು ಹೋದರು. ಮ್ಯಾನೇಜರು ಕಾಗದವನ್ನು ಮುಂದಕ್ಕೆ ತಳ್ಳಿದ. ಬ್ರೇಕಣ್ಣ ಅದನ್ನು ಅಷ್ಟೇ ಮರ್ಯಾದೆಯಿಂದ ಹಿಂದಕ್ಕೆ ತಳ್ಳಿ, ತೊಳೆಯುವ ವಿಭಾಗ ಎಲ್ಲಿದೆ ಎಂದು ಕೇಳಿದ. ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು.

ಆ ಸಂಜೆ ಬೂಟಿನ ತುಂಬ ಸೋಪಿನ ನೀರು ತುಂಬಿಕೊಂಡು ಮನೆಗೆ ಬಂದ. ಹೆಂಡತಿ ಬೂಟು ಬಗ್ಗಿಸುತ್ತಾ, ಒಂದು ಸಹಿ ಹಾಕಿದರೆ ಏನು ಹೋಗುತ್ತೆ ಎಂದಳು.

"ಸುಳ್ಳು ಹೇಳಿದ ಹಾಗಾಗುತ್ತೆ."

"ಅಣ್ಣನ ಮಗಳು ಚೆನ್ನಾಗಿ ಹಾಡ್ತಾಳೆ ಅಂತ ಹೋದ ವಾರ ಹೇಳಿದ್ರಿ. ಅದು?"

"ಅದು ದಾಕ್ಷಿಣ್ಯ. ಇದು ಬೇರೆ." ಬ್ರೇಕಣ್ಣ ಒದ್ದೆ ಕಾಲುಚೀಲ ಕಳಚಿದ. "ದಾಕ್ಷಿಣ್ಯಕ್ಕೆ ಹಲ್ಲು ಕಡಿದೆ, ಆಗಿದ್ದು ನೋಡಿದೆಯಲ್ಲ. ಒಬ್ಬ ಕೊಲೆಗಾರನ್ನ ತೋರಿಸಬೇಕಾದ್ರೆ ತಂದು ನನ್ನ ಸೋಫಾದ ಮೇಲೆ ಕೂರಿಸ್ತಾರೆ. ಈಗ ನಾನು ಸಹಿ ಹಾಕಿದ್ರೆ ಅವರು ಕೂರಿಸಿದ್ದೇ ಸರಿ ಅಂತಾಗುತ್ತೆ. ಸ್ಟೀರಿಂಗ್ ಬೇಕು ಕಣೆ. ಕೈಯೆಲ್ಲಾ ಅದನ್ನೇ ಹುಡುಕ್ತಿರುತ್ತೆ. ಆದರೂ ಹಾಕಲ್ಲ."

ಹೆಂಡತಿ ಬೂಟನ್ನು ಕಿಟಕಿಯ ಮೇಲೆ ಒಣಗಲು ಇಟ್ಟಳು. ಅವನ ಕೈಗೆ ಕಂಟ್ರೋಲರ್ ಕೊಟ್ಟು, ಆರು ಗಂಟೆಯಾಯಿತು, ಕೂತುಕೊಳ್ಳಿ ಎಂದಳು. ಅವಳಿಗೆ ಗೇಮಿನ ಮೇಲೆ ಪ್ರೀತಿಯೇನೂ ಇರಲಿಲ್ಲ. ಗಂಡನ ಮೇಲೆ ಇತ್ತು.

ಇತ್ತ ಹದಿನಾಲ್ಕನೇ ನಂಬರಿಗೆ ಬದಲಿ ಡ್ರೈವರು ಬಂದಿದ್ದ. ಗೇಮ್ ಆಡದವನು, ಕುಡಿಯದವನು, ಟಿವಿಯನ್ನೂ ನೋಡದವನು. ಸರ್ವಗುಣಸಂಪನ್ನ, ಆದರೆ ಸ್ಟಾಪಿನಲ್ಲಿ ನಿಲ್ಲಿಸುತ್ತಿರಲಿಲ್ಲ. ಒಂದು ದಿನ ಇಪ್ಪತ್ತು ಹೆಜ್ಜೆ ಮುಂದೆ, ಇನ್ನೊಂದು ದಿನ ಹತ್ತು ಹೆಜ್ಜೆ ಹಿಂದೆ, ಫುಟ್‌ಪಾತಿನಿಂದ ಒಂದು ಮಾರು ದೂರ. ಹೆಡ್‌ಮಿಸ್ಸು ವಾರಕ್ಕೆ ಮೂರು ದಿನ ಮೊಣಕಾಲಿನ ಚಿಕಿತ್ಸೆಗೆಂದು ಆಸ್ಪತ್ರೆಗೆ ಹೋಗುತ್ತಿದ್ದದ್ದು ಅದೇ ಬಸ್ಸಿನಲ್ಲಿ. ಮೊದಲ ವಾರ ಕೋಲೂರಿಕೊಂಡು ಬಸ್ಸಿನ ಹಿಂದೆ ನಡೆದರು. ಎರಡನೇ ವಾರ ಬಸ್ಸು ಅವರನ್ನು ಬಿಟ್ಟೇ ಹೋಯಿತು. ಹನ್ನೆರಡನೇ ದಿನ ಅವರು ಆಟೋ ಹಿಡಿದು ನೇರ ಡಿಪೋಗೆ ಬಂದರು.

ಮ್ಯಾನೇಜರು ಅವರನ್ನು ನೋಡಿ ಎದ್ದು ನಿಂತ, ನಿಂತೇ ಇದ್ದ. ಏಳನೇ ತರಗತಿಯಲ್ಲಿ ಅವರ ಕೈಲಿ ಪಾಠ ಹೇಳಿಸಿಕೊಂಡವನು.

"ಆ ಮನುಷ್ಯ ಬಸ್ಸು ನಿಲ್ಲಿಸಿದರೆ ಮೆಟ್ಟಿಲು ಸರಿಯಾಗಿ ನನ್ನ ಕಾಲಿನ ಹತ್ತಿರ ಬರುತ್ತೆ," ಎಂದರು ಹೆಡ್‌ಮಿಸ್ಸು. "ಅವನನ್ನ ವಾಪಸ್ ಕಳಿಸು."

"ಅರ್ಜಿ ಕೊಟ್ಟವರೇ ನೀವಲ್ಲವಾ ಮಿಸ್?"

"ಕೊಟ್ಟಿದ್ದೆ. ತಾ ಇಲ್ಲಿ."

ಅರ್ಜಿಯ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಕೆಂಪು ಗೆರೆ ಎಳೆದರು. ಅವನು ಸಹಿ ಹಾಕಬೇಕಲ್ಲ ಮಿಸ್ ಎಂದು ಮ್ಯಾನೇಜರು ನೆಲ ನೋಡಿಕೊಂಡು ಹೇಳಿದ. ಹೆಡ್‌ಮಿಸ್ಸು ಮುಕ್ತನಾಗಿದ್ದೇನೆ ಎಂಬ ಕಾಗದವನ್ನು ಓದಿ, ಅದರ ಹಿಂಬದಿಯಲ್ಲಿ, ಇವನನ್ನು ಸುಧಾರಿಸುವ ಜವಾಬ್ದಾರಿ ನನ್ನದು ಎಂದು ಬರೆದು ತಾವೇ ಸಹಿ ಮಾಡಿಕೊಟ್ಟರು. ಇವನಿಗಿಂತ ಕೆಟ್ಟವರನ್ನೆಲ್ಲ ದಾರಿಗೆ ತಂದಿದ್ದೇನೆ ಎಂದು ಮ್ಯಾನೇಜರನ್ನು ಮೇಲಿಂದ ಕೆಳಗೆ ನೋಡಿದರು. ಹಿಂಬದಿಯ ಈ ಬರಹದ ಸಂಗತಿ ತೊಳೆಯುವ ವಿಭಾಗಕ್ಕೆ ತಲುಪಲಿಲ್ಲ. ನಾಳೆಯಿಂದ ಬಸ್ಸು ಹತ್ತು ಎಂಬುದಷ್ಟೇ ತಲುಪಿತು.

ಮರುದಿನ ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ಬ್ರೇಕಣ್ಣ ಸ್ಟಾಪಿನಲ್ಲಿ ನಿಲ್ಲಿಸಿದ. ಮೆಟ್ಟಿಲು ಹೆಡ್‌ಮಿಸ್ಸಿನ ಎಡಗಾಲಿಗೆ ಮುಟ್ಟುವಂತೆ ನಿಂತಿತು. ಸ್ಟಾಪಿನಲ್ಲಿದ್ದ ಇನ್ನಿಬ್ಬರು ಡ್ರೈವರಿನ ಮುಖ ನೋಡಿ ಅನುಮಾನಿಸಿದರು. ಹೆಡ್‌ಮಿಸ್ಸು ಹತ್ತಿ, ಬಸ್ಸಿನ ಕಡೆ ತಿರುಗಿ, ತರಗತಿಗೆ ಹೇಳುವ ದನಿಯಲ್ಲಿ ಹೇಳಿದರು.

"ಯಾರೂ ಹೆದರಬೇಡಿ. ಇವನು ಅದನ್ನೆಲ್ಲಾ ಬಿಟ್ಟಿದ್ದಾನೆ. ಸುಧಾರಿಸಿದ್ದಾನೆ. ನಾನೇ ಬರೆದುಕೊಟ್ಟಿದ್ದೀನಿ."

ಸುಮ್ಮನಿದ್ದರೆ ಎಲ್ಲವೂ ಸುಸೂತ್ರ. ಮುದುಕಿಯ ಮಾನ ಉಳಿಯುತ್ತಿತ್ತು, ಮ್ಯಾನೇಜರಿನ ನಿದ್ದೆ ಉಳಿಯುತ್ತಿತ್ತು, ಬ್ರೇಕಣ್ಣನ ಸ್ಟೀರಿಂಗೂ ಉಳಿಯುತ್ತಿತ್ತು. ಹನ್ನೆರಡು ದಿನದ ಮೇಲೆ ಕೈಗೆ ಸಿಕ್ಕಿದ ಸ್ಟೀರಿಂಗ್ ಅದು. ಬ್ರೇಕಣ್ಣ ಅದನ್ನೊಮ್ಮೆ ಗಟ್ಟಿಯಾಗಿ ಹಿಡಿದು, ಬಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು ಎದ್ದು ನಿಂತ. ಇಪ್ಪತ್ತೆರಡು ವರ್ಷದಲ್ಲಿ ಅವನು ಪ್ರಯಾಣಿಕರ ಕಡೆ ಮುಖ ಮಾಡಿ ನಿಂತದ್ದು ಅದೇ ಮೊದಲು.

"ಮಿಸ್ ನನ್ನ ಪರವಾಗಿ ಹೋರಾಡಿದ್ದಾರೆ, ಅವರಿಗೆ ನನ್ನ ನಮಸ್ಕಾರ," ಎಂದ. "ಆದರೆ ನಾನು ಬಿಟ್ಟಿಲ್ಲ. ನಿನ್ನೆ ಸಂಜೆ ಆಡಿದೆ, ಇವತ್ತೂ ಆಡ್ತೀನಿ. ರಾಕ್ಷಸರ ಕೋಟೇಲಿ ಒಂಬತ್ತನೇ ಬಾಗಿಲ ಹತ್ತಿರ ಎರಡು ತಲೆಯವನು ಒಬ್ಬ ಇದ್ದಾನೆ, ಮೂರು ದಿನದಿಂದ ನನ್ನನ್ನ ಹೊಡೆದು ಹಾಕ್ತಿದ್ದಾನೆ. ನನಗೆ ಹುಚ್ಚೂ ಇಲ್ಲ, ಚಟವೂ ಇಲ್ಲ. ಇಳಿಯೋರು ಈಗಲೇ ಇಳೀರಿ, ಕಾಯ್ತೀನಿ. ಡಿಪೋಗೆ ಫೋನ್ ಮಾಡೋರಿದ್ರೆ ನಂಬರು ಬಾಗಿಲ ಮೇಲೆ ಬರೆದಿದೆ."

ಹೆಡ್‌ಮಿಸ್ಸಿನ ಮುಖ ಅವರ ಶಾಯಿಯ ಬಣ್ಣಕ್ಕೆ ತಿರುಗಿತು. ಇಳಿಯಬೇಕೆಂದು ಅವರಿಗೆ ಅನ್ನಿಸಿತು, ಮೊಣಕಾಲು ಬೇಡವೆಂದಿತು. ಕೂತರು. ಒಬ್ಬ ಕೋಟಿನವನು ಮಾತ್ರ ಎದ್ದು ಇಳಿದು ಹೋದ. ಅವನ ಸ್ಟಾಪು ಅದೇ ಆಗಿದ್ದಿರಲೂಬಹುದು. ಬ್ರೇಕಣ್ಣ ಪೂರ್ತಿ ಒಂದು ನಿಮಿಷ ಕಾದು, ಕೂತು, ಬಸ್ಸು ಹೊರಡಿಸಿದ. ಹಿಂದಿನಿಂದ ನಲವತ್ತು ಜೊತೆ ಕಣ್ಣು ತನ್ನ ಬೆನ್ನಿಗೆ ನೆಟ್ಟಿದ್ದು ಅವನಿಗೆ ಗೊತ್ತಾಗುತ್ತಿತ್ತು. ಹೆಡ್‌ಮಿಸ್ಸು, ಕೃತಘ್ನ ಎಂದು ಎರಡು ಸಲ ಹೇಳಿದರು.

ಆಸ್ಪತ್ರೆಯ ಸ್ಟಾಪು ಬಂತು. ಬಿಳಿ ಸಮವಸ್ತ್ರದ, ತಲೆಯೆಲ್ಲ ನರೆತ ನರ್ಸೊಬ್ಬರು ಬ್ಯಾಗು ಹೆಗಲಿಗೆ ಹಾಕಿಕೊಂಡು ಮುಂದೆ ಬಂದರು. ಹೆಡ್‌ಮಿಸ್ಸಿನ ಮೊಣಕಾಲಿಗೆ ವಾರಕ್ಕೆ ಮೂರು ದಿನ ಶಾಖ ಕೊಡುವವರು ಅವರೇ. ಬಾಗಿಲ ಕಂಬ ಹಿಡಿದು, ಡ್ರೈವರಿನ ಕಡೆ ನೋಡದೆ, ತುಟಿ ಅಲ್ಲಾಡಿಯೂ ಅಲ್ಲಾಡದ ಹಾಗೆ ಮೆಲ್ಲಗೆ ಹೇಳಿದರು.

"ಎರಡು ತಲೆಯವನ ಎದುರಿಗೆ ಹೋಗಬೇಡಿ. ಬಲಗಡೆ ತಲೆ ಆಕಳಿಸುತ್ತೆ. ಆಗ ಹೊಡೀರಿ."

ಬ್ರೇಕಣ್ಣ ಬಾಗಿಲು ತೆರೆಯುವ ಗುಂಡಿಯ ಮೇಲಿಂದ ಕೈ ತೆಗೆದ.

"ಸ್ವಲ್ಪ ಜೋರಾಗಿ ಹೇಳಿ ಸಿಸ್ಟರ್," ಎಂದ. "ಹಿಂದಿನವರಿಗೂ ಕೇಳಲಿ."

ನರ್ಸು ಮುಚ್ಚಿದ ಬಾಗಿಲನ್ನು ನೋಡಿದರು. ಹೆಡ್‌ಮಿಸ್ಸನ್ನು ನೋಡಿದರು. ಬ್ಯಾಗನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದರು. ಆಮೇಲೆ ಬಸ್ಸಿನ ಕಡೆ ತಿರುಗಿ, ವಾರ್ಡಿನ ಆ ತುದಿಯ ರೋಗಿಗೂ ಕೇಳುವಂಥ ದನಿಯಲ್ಲಿ ಎಲ್ಲವನ್ನೂ ಮತ್ತೊಮ್ಮೆ ಹೇಳಿದರು, ಸುತ್ತಿಗೆ ಎಲ್ಲಿಗೆ ಬೀಳಬೇಕು ಎಂಬುದನ್ನೂ ಸೇರಿಸಿ.